ಗ್ರೀನ್ ಟೀ ಕುಡಿದರೆ ಎಲ್‌ಡಿಎಲ್ ಇಳಿಯುತ್ತದೆಯೇ? ನನ್ನ ಎರಡು ವರದಿಗಳ ಬಗ್ಗೆ ಒಂದು ಪ್ರಶ್ನೆ

ನಾಗಭೂಷಣ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೀಗ 57 ವರ್ಷ. ರಕ್ತದೊತ್ತಡಕ್ಕೆ ದಿನಕ್ಕೊಂದು ಆಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸಿಗರೇಟಿನ ಅಭ್ಯಾಸವೂ ಇಲ್ಲ. ಆದರೆ ನಮ್ಮ ತಂದೆಯವರಿಗೆ ಐವತ್ತರ ಆಸುಪಾಸಿನಲ್ಲೇ ಹೃದಯಾಘಾತವಾಗಿತ್ತು. ಬೇಸಿಗೆಯಲ್ಲಿ ಮಾಡಿಸಿದ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ನೋಡಿದ ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಾದ ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ ಬರೆದುಕೊಟ್ಟರು. ಆ ಮಾತ್ರೆಯನ್ನು ಒಮ್ಮೆ ಹಿಡಿದರೆ ಜೀವಮಾನವಿಡೀ ಬಿಡುವಂತಿಲ್ಲ ಎಂದು ಬಂಧುಗಳು ಹೇಳಿದ್ದರಿಂದ ಅದನ್ನು ಇನ್ನೂ ಆರಂಭಿಸಿಲ್ಲ. ಬದಲಿಗೆ ದಿನಕ್ಕೆ ನಾಲ್ಕೈದು ಸಲ ಕುಡಿಯುತ್ತಿದ್ದ ಹಾಲು ಸಕ್ಕರೆಯ ಚಹಾವನ್ನು ಪೂರ್ತಿ ಬಿಟ್ಟು, ಮೂರು ಹೊತ್ತು ಗ್ರೀನ್ ಟೀ ಕುಡಿಯುತ್ತಿದ್ದೇನೆ. ದಸರೆ ಮುಗಿದ ಬಳಿಕ ಅದೇ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಟ್ಟೆ.

ಬೇಸಿಗೆಯ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 228, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 42, ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ 180, ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ 150 ಇತ್ತು. ಈಗಿನ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 222, ಎಚ್‌ಡಿಎಲ್ 41, ಟ್ರೈಗ್ಲಿಸರೈಡ್ 225, ಎಲ್‌ಡಿಎಲ್ 136 ಇದೆ. ಕೆಟ್ಟ ಕೊಲೆಸ್ಟ್ರಾಲ್ 14 ಅಂಕ ಇಳಿದಿರುವುದು ಗ್ರೀನ್ ಟೀಯಿಂದಲೇ ಎಂದು ತಿಳಿಯಬಹುದೇ? ಹಾಗಿದ್ದರೆ ಇದನ್ನೇ ಮುಂದುವರಿಸಿಕೊಂಡು ಮಾತ್ರೆಯನ್ನು ಮುಂದೂಡುವುದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಸಿರೆಲೆ, ಮೈಸೂರು

ನಾಗಭೂಷಣ ಅವರಿಗೆ ಅಭಿನಂದನೆಗಳು. ಗ್ರೀನ್ ಟೀ ಎಲ್‌ಡಿಎಲ್ ಇಳಿಸುತ್ತದೆ ಎಂಬುದು ಜಾಹೀರಾತಿನವರು ಕಟ್ಟಿದ ಮಾತಲ್ಲ. ವೈದ್ಯಕೀಯ ಸಾಕ್ಷ್ಯಗಳನ್ನು ಕಟ್ಟುನಿಟ್ಟಾಗಿ ಜಾಲಾಡುವ ಕಾಕ್ರೇನ್ ಸಂಸ್ಥೆಯ 2013ರ ಪರಿಶೀಲನೆಯಲ್ಲಿ ಗ್ರೀನ್ ಟೀ ಸೇವಿಸಿದವರ ಎಲ್‌ಡಿಎಲ್ ಸರಾಸರಿ 0.64 ಮಿಲಿಮೋಲ್, ಅಂದರೆ ನಮ್ಮ ಲೆಕ್ಕದಲ್ಲಿ ಡೆಸಿಲೀಟರ್‌ಗೆ ಸುಮಾರು 25 ಮಿಲಿಗ್ರಾಂ ಕಡಿಮೆಯಾಗಿತ್ತು. ಜಪಾನಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹನ್ನೊಂದು ವರ್ಷ ಗಮನಿಸಿದ ಓಸಾಕಿ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವವರ ಪ್ರಮಾಣ ಕಡಿಮೆ ಇತ್ತು. ನೀವು ಮೂರು ಬಟ್ಟಲಿಗೇ 14 ಅಂಕ ಇಳಿಸಿದ್ದೀರಿ. ಐದಕ್ಕೆ ಏರಿಸಿ ನೋಡಿ.

ಸುಜಾತಾ, ಲ್ಯಾಬ್ ಟೆಕ್ನೀಶಿಯನ್, ಹುಬ್ಬಳ್ಳಿ

ಐದು ಬಟ್ಟಲಿಗೆ ಏರಿಸುವ ಮೊದಲು ಈ ಎರಡು ವರದಿಗಳನ್ನೇ ಇನ್ನೊಮ್ಮೆ ನೋಡೋಣ. ನಾಗಭೂಷಣ ಸರ್, ವರದಿಯಲ್ಲಿ ಎಲ್‌ಡಿಎಲ್ ಸಾಲಿನ ಎದುರು ಪರೀಕ್ಷಾ ವಿಧಾನದ ಅಂಕಣವಿರುತ್ತದೆ. ಅಲ್ಲಿ ‘ಕ್ಯಾಲ್ಕ್ಯುಲೇಟೆಡ್’ ಎಂದಿದೆಯೋ ‘ಡೈರೆಕ್ಟ್’ ಎಂದಿದೆಯೋ ಗಮನಿಸಿ. ನೀವು ಕೊಟ್ಟ ಅಂಕಿಗಳನ್ನು ಕೂಡಿ ಕಳೆದು ನೋಡಿದರೆ ಮೊದಲನೆಯದೇ ಇರಬೇಕೆಂದು ನನಗೆ ಅನ್ನಿಸುತ್ತದೆ.

ಬಹಳಷ್ಟು ಲ್ಯಾಬ್‌ಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಈ ಮೂರನ್ನು ಯಂತ್ರದಲ್ಲಿ ಅಳೆದು, 1972ರಲ್ಲಿ ಬಂದ ಫ್ರೀಡ್‌ವಾಲ್ಡ್ ಸೂತ್ರದಿಂದ ಎಲ್‌ಡಿಎಲ್ ಕಂಡುಕೊಳ್ಳುತ್ತೇವೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಬೇಕು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯಬೇಕು, ಉಳಿದದ್ದೇ ಎಲ್‌ಡಿಎಲ್. ನಿಮ್ಮ ಮೊದಲ ವರದಿಯಲ್ಲಿ 228ರಿಂದ 42 ಕಳೆದು, 180ರ ಐದನೇ ಒಂದು ಭಾಗವಾದ 36 ಕಳೆದರೆ 150 ಬರುತ್ತದೆ. ಎರಡನೆಯದರಲ್ಲಿ 222ರಿಂದ 41 ಮತ್ತು 45 ಕಳೆದರೆ 136.

ಈಗ ಒಂದು ಸಂಗತಿ ಗಮನಿಸಿ. ಎರಡನೆಯ ಸಲವೂ ನಿಮ್ಮ ಟ್ರೈಗ್ಲಿಸರೈಡ್ 180 ಆಗಿಯೇ ಉಳಿದಿದ್ದರೆ ಎಲ್‌ಡಿಎಲ್ 145 ಎಂದು ಅಚ್ಚಾಗುತ್ತಿತ್ತು. ಅಂದರೆ ನೀವು ಸಂತೋಷಪಟ್ಟ 14 ಅಂಕಗಳ ಪೈಕಿ 9 ಅಂಕ ಬಂದಿರುವುದು ಟ್ರೈಗ್ಲಿಸರೈಡ್ ಏರಿದ್ದರಿಂದ! ಒಂದು ಕೊಬ್ಬು ಹೆಚ್ಚಾದದ್ದು ಸೂತ್ರದ ಮೂಲಕ ಇನ್ನೊಂದು ಕೊಬ್ಬು ಕಡಿಮೆಯಾದಂತೆ ಕಾಣಿಸಿದೆ. ಈ ಗೊಂದಲವನ್ನು ತಪ್ಪಿಸಲು ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಒಂದನ್ನೇ ಕಳೆಯುವ ‘ನಾನ್ ಎಚ್‌ಡಿಎಲ್’ ಅಂಕಿ ಒಳ್ಳೆಯದು. ನಿಮ್ಮದು 186 ಇದ್ದದ್ದು 181 ಆಗಿದೆ.

ಉಳಿದ ಆ 5 ಅಂಕವೂ ಗ್ರೀನ್ ಟೀಯದೇ ಎಂದು ಹೇಳಲು ಬರುವುದಿಲ್ಲ. ಆಹಾರ, ಔಷಧ ಏನೂ ಬದಲಾಗದ ಒಬ್ಬನೇ ವ್ಯಕ್ತಿಯ ರಕ್ತವನ್ನು ಬೇರೆ ಬೇರೆ ವಾರಗಳಲ್ಲಿ ತೆಗೆದರೂ ಒಟ್ಟು ಕೊಲೆಸ್ಟ್ರಾಲ್ ಶೇಕಡಾ ಐದಾರರಷ್ಟು, ಎಲ್‌ಡಿಎಲ್ ಶೇಕಡಾ ಎಂಟರಷ್ಟು ಅತ್ತಿತ್ತ ಆಗುವುದು ಸಹಜ. ಟ್ರೈಗ್ಲಿಸರೈಡ್ ಶೇಕಡಾ ಇಪ್ಪತ್ತಕ್ಕೂ ಹೆಚ್ಚು ಓಲಾಡುತ್ತದೆ. 150ರ ಶೇಕಡಾ ಎಂಟೆಂದರೆ 12. ಈ ಓಲಾಟದ ನಡುವೆ 5 ಅಂಕದ ಬದಲಾವಣೆಯನ್ನು ಎರಡೇ ವರದಿಗಳಲ್ಲಿ ಹುಡುಕುವುದು ತರಕಾರಿ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ.

ನಾಗಭೂಷಣ, ದಾವಣಗೆರೆ

ಮೇಡಂ, ನೀವು ಹೇಳಿದ್ದು ನಿಜ; ಎರಡೂ ವರದಿಗಳಲ್ಲಿ ‘ಕ್ಯಾಲ್ಕ್ಯುಲೇಟೆಡ್’ ಎಂದೇ ಇದೆ. ಆದರೆ ಸಕ್ಕರೆ ಹಾಕಿದ ಚಹಾ ಬಿಟ್ಟ ಮೇಲೆ ಟ್ರೈಗ್ಲಿಸರೈಡ್ ಇಳಿಯಬೇಕಿತ್ತಲ್ಲವೇ, ಏರಿದ್ದೇಕೆ?

ಸುಜಾತಾ, ಲ್ಯಾಬ್ ಟೆಕ್ನೀಶಿಯನ್, ಹುಬ್ಬಳ್ಳಿ

ಸರ್, ದಸರೆಯ ಬೆನ್ನಿಗೇ ರಕ್ತ ಕೊಟ್ಟಿದ್ದೀರಿ. ಹೋಳಿಗೆ ತುಪ್ಪದ ವಾರದಲ್ಲಿ ತೆಗೆದ ಮಾದರಿಯ ಟ್ರೈಗ್ಲಿಸರೈಡನ್ನು ಬೇಸಿಗೆಯ ಮಾದರಿಯೊಂದಿಗೆ ಹೋಲಿಸುವುದು ಕಷ್ಟ. ಹಿಂದಿನ ರಾತ್ರಿ ತಡವಾಗಿ ಊಟ ಮಾಡಿದರೂ, ಮದ್ಯ ಸೇವಿಸಿದರೂ ಅದು ಏರುತ್ತದೆ. ಹಬ್ಬದ ಮರುದಿನಗಳಲ್ಲಿ ನಮ್ಮಲ್ಲಿಗೆ ಬರುವ ಮಾದರಿಗಳಲ್ಲಿ ರಕ್ತದ ತಿಳಿ ಹಾಲಿನಂತೆ ಬೆಳ್ಳಗೆ ಕಾಣುವುದು ಅಪರೂಪವೇನಲ್ಲ.

ವಸುಧಾ, ಜೀವರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ

ಸುಜಾತಾ ಅವರು ಲೆಕ್ಕವನ್ನು ಬಿಡಿಸಿ ಹೇಳಿದ್ದಾರೆ. ಎಲೆಯೊಳಗಿನ ವಿಷಯವನ್ನೂ ಪ್ರಯೋಗಗಳ ವಿಷಯವನ್ನೂ ನಾನು ಸ್ವಲ್ಪ ವಿವರಿಸುತ್ತೇನೆ.

ಗ್ರೀನ್ ಟೀ ಮತ್ತು ನಮ್ಮ ಮನೆಯ ಚಹಾಪುಡಿ ಎರಡೂ ಒಂದೇ ಗಿಡದ ಎಲೆಗಳು. ಕೊಯ್ದ ಎಲೆಯನ್ನು ಜಜ್ಜಿ ಗಾಳಿಗೆ ಬಿಟ್ಟರೆ ಅದರೊಳಗಿನ ಕಿಣ್ವಗಳು ಕ್ಯಾಟೆಚಿನ್ ಎಂಬ ಪದಾರ್ಥಗಳನ್ನು ಥಿಯಾಫ್ಲೇವಿನ್ ಮತ್ತು ಥಿಯಾರುಬಿಜಿನ್‌ಗಳಾಗಿ ಮಾರ್ಪಡಿಸುತ್ತವೆ. ಕಪ್ಪು ಚಹಾದ ಬಣ್ಣ ಬರುವುದು ಅವುಗಳಿಂದ. ಕೊಯ್ದ ಕೂಡಲೇ ಹಬೆಯಲ್ಲಿ ಬೇಯಿಸಿದರೆ ಅಥವಾ ಬಾಣಲೆಯಲ್ಲಿ ಹುರಿದರೆ ಆ ಕಿಣ್ವಗಳು ಸಾಯುತ್ತವೆ, ಕ್ಯಾಟೆಚಿನ್‌ಗಳು ಹಾಗೆಯೇ ಉಳಿಯುತ್ತವೆ. ಅವುಗಳಲ್ಲಿ ಹೇರಳವಾಗಿರುವುದು ಎಪಿಗ್ಯಾಲೋಕ್ಯಾಟೆಚಿನ್ ಗ್ಯಾಲೇಟ್. ಚಿಕ್ಕದಾಗಿ ಇಜಿಸಿಜಿ ಎನ್ನುತ್ತಾರೆ. ನಾವು ತಿಂದ ಕೊಬ್ಬು ಮತ್ತು ಪಿತ್ತರಸದಲ್ಲಿ ಬಂದ ಕೊಲೆಸ್ಟ್ರಾಲ್ ಕರುಳಿನಲ್ಲಿ ಹೀರಲ್ಪಡಬೇಕಾದರೆ ಮೈಸೆಲ್ ಎಂಬ ಅತಿ ಸಣ್ಣ ಕಣಗಳೊಳಗೆ ಸೇರಬೇಕು. ಇಜಿಸಿಜಿ ಆ ಕಣಗಳ ರಚನೆಗೆ ಅಡ್ಡಿಪಡಿಸುವುದರಿಂದ ಸ್ವಲ್ಪ ಕೊಲೆಸ್ಟ್ರಾಲ್ ಹೀರದೆ ಹೊರಗೆ ಹೋಗುತ್ತದೆ. ಯಕೃತ್ತಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಅನ್ನು ಹಿಡಿದೆಳೆದುಕೊಳ್ಳುವ ಗ್ರಾಹಕಗಳು ಹೆಚ್ಚುವುದನ್ನೂ ಪ್ರಯೋಗಶಾಲೆಯಲ್ಲಿ ಕಂಡಿದ್ದಾರೆ. ಆದ್ದರಿಂದ ಗ್ರೀನ್ ಟೀಗೆ ಪರಿಣಾಮವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಷ್ಟು ಪರಿಣಾಮ ಎಂಬುದೇ ಇಲ್ಲಿರುವ ಪ್ರಶ್ನೆ.

ಹಸಿರೆಲೆ ಅವರು ಹೇಳಿದ ಕಾಕ್ರೇನ್ ಪರಿಶೀಲನೆಯಲ್ಲಿ ಕಪ್ಪು ಮತ್ತು ಹಸಿರು ಚಹಾ ಎರಡೂ ಸೇರಿ ಇದ್ದದ್ದು 11 ಪ್ರಯೋಗಗಳು, 821 ಜನರು. ಎಲ್‌ಡಿಎಲ್ ಅಂಕಿ ಬಂದದ್ದು ಅವುಗಳಲ್ಲೂ ಕೆಲವೇ ಪ್ರಯೋಗಗಳಿಂದ, ಆ ಪ್ರಯೋಗಗಳೂ ಅಲ್ಪಾವಧಿಯವು. ಪರಿಶೀಲಕರೇ ಇದನ್ನು ಎಚ್ಚರಿಕೆಯಿಂದ ಓದಬೇಕೆಂದಿದ್ದಾರೆ. ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಆ 25 ಅಂಕ ಕರಗಿಹೋಗುತ್ತದೆ. 2011ರಲ್ಲಿ 14 ಪ್ರಯೋಗಗಳ 1,136 ಜನರ ವಿಶ್ಲೇಷಣೆಯಲ್ಲಿ ಎಲ್‌ಡಿಎಲ್ ಇಳಿಕೆ ಸರಾಸರಿ 2.19 ಮಿಲಿಗ್ರಾಂ, 2020ರಲ್ಲಿ 31 ಪ್ರಯೋಗಗಳ 3,321 ಜನರನ್ನು ಲೆಕ್ಕಹಾಕಿದಾಗ 4.55 ಮಿಲಿಗ್ರಾಂ. ಎರಡರಲ್ಲೂ ಎಚ್‌ಡಿಎಲ್ ಮಾತ್ರ ಅಲುಗಾಡಿಲ್ಲ. ಭಾರತೀಯರಾದ ನಮಗೆ ಇದು ಮುಖ್ಯ. ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಢಗಳಲ್ಲಿ ನಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಮೊದಲ ಹಂತದಲ್ಲಿ ಶೇಕಡಾ 72.3 ಜನರಿಗೆ ಎಚ್‌ಡಿಎಲ್ ಕಡಿಮೆ ಇತ್ತು, ಶೇಕಡಾ 29.5 ಜನರಿಗೆ ಟ್ರೈಗ್ಲಿಸರೈಡ್ ಹೆಚ್ಚಿತ್ತು. ಎಲ್‌ಡಿಎಲ್ ಹೆಚ್ಚಿದ್ದವರು ಶೇಕಡಾ 11.8 ಮಾತ್ರ. ನಮ್ಮಲ್ಲಿ ಹೆಚ್ಚಾಗಿ ಕಾಣುವ ತೊಂದರೆಯ ಒಂದು ಭಾಗವನ್ನು ಗ್ರೀನ್ ಟೀ ಮುಟ್ಟುವುದೇ ಇಲ್ಲ.

ಅಮೆರಿಕದ ಮಿನ್ನೆಸೋಟಾದಲ್ಲಿ ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ಒಂದು ವರ್ಷ ನಡೆದ ಪ್ರಯೋಗದ ವಿವರ ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸಿದೆ. ಅರ್ಧದಷ್ಟು ಮಂದಿಗೆ ದಿನಕ್ಕೆ 843 ಮಿಲಿಗ್ರಾಂ ಇಜಿಸಿಜಿ ಇರುವ ಗ್ರೀನ್ ಟೀ ಸಾರದ ಕ್ಯಾಪ್ಸೂಲ್‌ಗಳನ್ನೂ ಉಳಿದವರಿಗೆ ಹುಸಿ ಕ್ಯಾಪ್ಸೂಲ್‌ಗಳನ್ನೂ ಕೊಟ್ಟರು. ವರ್ಷದ ಕೊನೆಗೆ ಸಾರ ಸೇವಿಸಿದವರ ಎಲ್‌ಡಿಎಲ್ ಶೇಕಡಾ 4.1 ಇಳಿದಿತ್ತು, ಟ್ರೈಗ್ಲಿಸರೈಡ್ ಶೇಕಡಾ 3.6 ಏರಿತ್ತು. ಎರಡು ಗ್ರಾಂ ಎಲೆ ಹಾಕಿ ಮಾಡಿದ ಒಂದು ಬಟ್ಟಲಿನಲ್ಲಿ ಸಾಮಾನ್ಯವಾಗಿ 50ರಿಂದ 100 ಮಿಲಿಗ್ರಾಂ ಇಜಿಸಿಜಿ ಇರುತ್ತದೆ ಎಂದುಕೊಂಡರೆ, ಆ ಮಹಿಳೆಯರು ದಿನವೂ ಸೇವಿಸಿದ್ದು ಸುಮಾರು ಎಂಟರಿಂದ ಹದಿನೇಳು ಬಟ್ಟಲಿಗೆ ಸಮ. ಅಷ್ಟು ಸೇವಿಸಿದ ಮೇಲೆ ಸಿಕ್ಕಿದ್ದು ಶೇಕಡಾ ನಾಲ್ಕು.

ಹಸಿರೆಲೆ, ಮೈಸೂರು

ವಸುಧಾ ಮೇಡಂ ಅವರ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕ್ಯಾಪ್ಸೂಲ್ ಬೇರೆ, ಬಟ್ಟಲಿನಲ್ಲಿ ಕುಡಿಯುವ ಎಲೆ ಬೇರೆ. ನಾಲ್ಕೈದು ಅಂಕದ ಇಳಿಕೆಯನ್ನು ಸಣ್ಣದೆಂದು ಬದಿಗೊತ್ತುವುದು ಸರಿಯಲ್ಲ. ಇಪ್ಪತ್ತು ವರ್ಷ, ಮೂವತ್ತು ವರ್ಷ ಅದೇ ಇಳಿಕೆ ಉಳಿದುಕೊಂಡರೆ ರಕ್ತನಾಳಕ್ಕೆ ಆಗುವ ಲಾಭ ಕೂಡುತ್ತಲೇ ಹೋಗುತ್ತದೆ. ಇಲ್ಲವಾದರೆ ಓಸಾಕಿಯ ಜನರಿಗೆ ಸಿಕ್ಕಿದ್ದೇನು?

ಸೆಂಡೈ ಕನ್ನಡಿಗ

ಓಸಾಕಿಯ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ಆ ಅಧ್ಯಯನ ನಡೆದ ಪ್ರದೇಶ ನಾನಿರುವ ಮಿಯಾಗಿ ಪ್ರಾಂತ್ಯದಲ್ಲೇ ಇದೆ. ಇಲ್ಲಿಯವರು ಗ್ರೀನ್ ಟೀಯನ್ನು ಔಷಧವೆಂದು ಕುಡಿಯುವುದಿಲ್ಲ. ನಮ್ಮ ಹೋಟೆಲುಗಳಲ್ಲಿ ಕುಳಿತ ತಕ್ಷಣ ಲೋಟದಲ್ಲಿ ನೀರು ತಂದಿಡುವ ಹಾಗೆ ಇಲ್ಲಿ ಅನೇಕ ಕಡೆ ಚಹಾ ತಂದಿಡುತ್ತಾರೆ. ಸಕ್ಕರೆ, ಹಾಲಿನ ಪ್ರಶ್ನೆಯೇ ಏಳುವುದಿಲ್ಲ. ಅದರ ಜೊತೆಗೆ ಮೀನು, ಸೋಯಾ, ತರಕಾರಿಗಳ ಊಟ, ದಿನವೂ ಸಾಕಷ್ಟು ನಡಿಗೆ ಇರುತ್ತದೆ. ಸಂಶೋಧಕರು ಇಂಥ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿಪಡಿಸಲು ಯತ್ನಿಸಿದ್ದಾರೆ ಎಂಬುದು ನಿಜ. ಆದರೂ ಅದು ಜನರ ಅಭ್ಯಾಸವನ್ನು ಗಮನಿಸಿದ ಅಧ್ಯಯನವೇ ಹೊರತು, ಕೆಲವರಿಗೆ ಚಹಾ ಕೊಟ್ಟು ಕೆಲವರಿಗೆ ಕೊಡದೆ ನಡೆಸಿದ ಪ್ರಯೋಗವಲ್ಲ. ಮೇಲಾಗಿ ಅವರು ಎಣಿಸಿದ್ದು ಸಾವುಗಳನ್ನು. ಅದರಿಂದ ಎಲ್‌ಡಿಎಲ್ ಇಳಿಯಿತೆಂದು ತೀರ್ಮಾನಿಸುವುದು ಹೇಗೆ?

ಇನ್ನೊಂದು ಸಂಗತಿಯನ್ನು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಸ್ಟ್ಯಾಟಿನ್ ವರ್ಗದ ಮೊದಲ ಔಷಧವನ್ನು ಕಂಡುಹಿಡಿದ ಅಕಿರಾ ಎಂಡೊ ಅವರು ಪಕ್ಕದ ಅಕಿತಾ ಪ್ರಾಂತ್ಯದವರು, ಓದಿದ್ದು ಸೆಂಡೈನ ತೊಹೊಕು ವಿಶ್ವವಿದ್ಯಾಲಯದಲ್ಲಿ. ಸಾವಿರಾರು ಸೂಕ್ಷ್ಮಜೀವಿಗಳನ್ನು ಶೋಧಿಸಿದ ಅವರಿಗೆ 1970ರ ದಶಕದ ಆರಂಭದಲ್ಲಿ ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಲ್ಲಿ ಆ ಪದಾರ್ಥ ಸಿಕ್ಕಿತು. ಊಟದೊಂದಿಗೆ ಹಸಿರು ಚಹಾ ಕುಡಿಯುವ ದೇಶಕ್ಕೂ ಕೊಲೆಸ್ಟ್ರಾಲಿಗೆ ಪ್ರತ್ಯೇಕ ಔಷಧ ಬೇಕಾಗಿತ್ತು. ಇಂದಿಗೂ ಇಲ್ಲಿಯ ವೈದ್ಯರು ಅದನ್ನು ಧಾರಾಳವಾಗಿ ಬರೆಯುತ್ತಾರೆ.

ಮೂಡಿಗೆರೆ ಬೆಳೆಗಾರ

ಕಾಫಿ ಬೆಳೆಯುವವನು ಗ್ರೀನ್ ಟೀಯ ವಿರುದ್ಧ ಮಾತಾಡಲು ಬಂದ ಎಂದು ಭಾವಿಸಬೇಡಿ. ನಮ್ಮ ಜಿಲ್ಲೆಯ ಕೆಳಗೂರಿನಲ್ಲೂ ಚಹಾ ತೋಟವಿದೆ. ನನ್ನ ಮಾತು ನಮ್ಮ ಬೆಳೆಗೇ ಅನನುಕೂಲವಾದದ್ದು.

ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಮತ್ತು ಕಾಹ್ವಿಯಾಲ್ ಎಂಬ ಎರಡು ಪದಾರ್ಥಗಳಿವೆ. ಪುಡಿಯನ್ನು ನೀರಿನಲ್ಲಿ ಕುದಿಸಿ ಕುಡಿಯುವವರಲ್ಲಿ ಕೊಲೆಸ್ಟ್ರಾಲ್ ಹೆಚ್ಚಿರುವುದು 1980ರ ದಶಕದಲ್ಲಿ ನಾರ್ವೆಯ ಟ್ರೊಮ್ಸೊದಲ್ಲಿ ಬೆಳಕಿಗೆ ಬಂತು, ಆಮೇಲೆ ನೆದರ್ಲೆಂಡ್ಸಿನ ಸಂಶೋಧಕರು ಅದಕ್ಕೆ ಮುಖ್ಯ ಕಾರಣ ಕೆಫೆಸ್ಟಾಲ್ ಎಂದು ತೋರಿಸಿದರು. ದಿನಕ್ಕೆ 10 ಮಿಲಿಗ್ರಾಂ ಕೆಫೆಸ್ಟಾಲ್ ಒಳಗೆ ಹೋದರೆ ಕೊಲೆಸ್ಟ್ರಾಲ್ ಸುಮಾರು 5 ಮಿಲಿಗ್ರಾಂ ಏರುತ್ತದೆ ಎಂಬುದು ಅವರ ಲೆಕ್ಕ. ಕುದಿಸಿದ ಕಾಫಿಯ ಎರಡು ಮೂರು ಬಟ್ಟಲುಗಳಲ್ಲಿ ಅಷ್ಟು ಬಂದುಬಿಡಬಹುದು. ವಸುಧಾ ಅವರು ಗ್ರೀನ್ ಟೀಯಿಂದ ಸಿಗುವುದೆಂದ ಇಳಿಕೆಯೂ ಹೆಚ್ಚು ಕಡಿಮೆ ಅಷ್ಟೇ ಇದೆ!

ಕಾಗದದ ಫಿಲ್ಟರ್ ಈ ಎಣ್ಣೆಯಂಶವನ್ನು ಬಹುಪಾಲು ಹಿಡಿದುಕೊಳ್ಳುತ್ತದೆ. ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳಿಗೆ ಆ ಶಕ್ತಿಯಿಲ್ಲ, ಆದರೆ ಒತ್ತಿ ಕೂರಿಸಿದ ಪುಡಿಯ ಪದರ ಸ್ವಲ್ಪ ತಡೆಯುತ್ತದೆ. ಪಾತ್ರೆಯಲ್ಲಿ ಪುಡಿ ಕುದಿಸಿ, ಗಷ್ಟು ತಳಕ್ಕೆ ಕೂತ ಮೇಲೆ ಬಗ್ಗಿಸಿಕೊಳ್ಳುವ ಪದ್ಧತಿಯಲ್ಲಿ ಹೆಚ್ಚು ಬರುತ್ತದೆ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೆಸ್ಟಾಲ್ ಕಡಿಮೆ, ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲ. ನಾಗಭೂಷಣ ಅವರು ಬಿಟ್ಟದ್ದು ಚಹಾ, ಆದ್ದರಿಂದ ಇದು ಅವರಿಗೆ ಅನ್ವಯಿಸುವುದಿಲ್ಲ. ಆದರೆ ಮಲೆನಾಡಿನ ಮನೆಯಲ್ಲಿ ದಿನಕ್ಕೆ ಐದಾರು ಲೋಟ ಕುದಿಸಿದ ಕಾಫಿ ಕುಡಿಯುತ್ತಿದ್ದವರು ಗ್ರೀನ್ ಟೀಗೆ ಬದಲಾಯಿಸಿ ಕೊಲೆಸ್ಟ್ರಾಲ್ ಇಳಿಸಿಕೊಂಡರೆ, ಆ ಕೀರ್ತಿಯಲ್ಲಿ ಎಷ್ಟು ಪಾಲು ಕುಡಿದದ್ದಕ್ಕೆ ಸಲ್ಲಬೇಕು, ಎಷ್ಟು ಪಾಲು ಬಿಟ್ಟದ್ದಕ್ಕೆ ಸಲ್ಲಬೇಕು ಎಂದು ಕೇಳಿಕೊಳ್ಳಬೇಕಾಗುತ್ತದೆ.

ತುಮಕೂರಿನ ವೈದ್ಯ

ಎಲ್ಲರ ಬರಹಗಳನ್ನೂ ಓದಿದೆ. ರೋಗಿಯನ್ನು ನೋಡದೆ ಚಿಕಿತ್ಸೆ ಹೇಳುವುದು ನನ್ನ ಪದ್ಧತಿಯಲ್ಲ. ಆದರೆ ಮಾತ್ರೆಯನ್ನು ಮುಂದೂಡಬಹುದೇ ಎಂಬ ಪ್ರಶ್ನೆಯನ್ನು ಎಲ್ಲರೂ ಬದಿಗಿಟ್ಟಿರುವುದರಿಂದ ಅದನ್ನು ಹೇಗೆ ಯೋಚಿಸಬೇಕೆಂಬುದನ್ನು ಮಾತ್ರ ಬರೆಯುತ್ತೇನೆ.

ಎಲ್‌ಡಿಎಲ್ 150 ಇರುವ ಒಬ್ಬರಿಗೆ ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ ಕೊಟ್ಟರೆ ಸಾಮಾನ್ಯವಾಗಿ ಶೇಕಡಾ 35ರಿಂದ 40ರಷ್ಟು ಇಳಿಯುತ್ತದೆ, ಅಂದರೆ 90ರಿಂದ 97ರ ಆಸುಪಾಸಿಗೆ ಬರುತ್ತದೆ. ಗ್ರೀನ್ ಟೀ ಅದೇ ವ್ಯಕ್ತಿಯನ್ನು 145ಕ್ಕೆ ತರಬಹುದು. ಇವೆರಡೂ ಒಂದಕ್ಕೊಂದು ಬದಲಿಯಾಗುವ ವಸ್ತುಗಳಲ್ಲ. ಸ್ಟ್ಯಾಟಿನ್ ಪ್ರಯೋಗಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯ ಪ್ರಕಾರ ಎಲ್‌ಡಿಎಲ್ ಪ್ರತಿ ಒಂದು ಮಿಲಿಮೋಲ್, ಅಂದರೆ ಸುಮಾರು 39 ಮಿಲಿಗ್ರಾಂ ಇಳಿದಾಗ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಅನಾಹುತಗಳು ಶೇಕಡಾ 22ರಷ್ಟು ಕಡಿಮೆಯಾಗುತ್ತವೆ. ಅದೇ ಲೆಕ್ಕವನ್ನು 5 ಮಿಲಿಗ್ರಾಂ ಇಳಿಕೆಗೆ ಅನ್ವಯಿಸಿದರೆ ಸಿಗುವುದು ಶೇಕಡಾ ಮೂರರಷ್ಟು. ಹಸಿರೆಲೆ ಅವರು ಹೇಳಿದಂತೆ ಸಣ್ಣ ಇಳಿಕೆಯೂ ದಶಕಗಟ್ಟಲೆ ಉಳಿದರೆ ಅದಕ್ಕೆ ಬೆಲೆಯಿದೆ. ಆ ಮಾತು ಮೂವತ್ತರ ಹರೆಯದವರಿಗೆ ಹೆಚ್ಚು ಹೊಂದುತ್ತದೆ. 57ರ ವಯಸ್ಸು, ರಕ್ತದೊತ್ತಡ, ತಂದೆಗೆ ಐವತ್ತರಲ್ಲಿ ಹೃದಯಾಘಾತ ಇವೆಲ್ಲ ಕೂಡಿದಾಗ ಕಾಯುವ ಕಾಲಾವಕಾಶ ಅಷ್ಟಿರುವುದಿಲ್ಲ.

ಒಮ್ಮೆ ಆರಂಭಿಸಿದರೆ ಬಿಡುವಂತಿಲ್ಲ ಎಂಬ ಮಾತನ್ನು ನನ್ನ ರೋಗಿಗಳೂ ಹೇಳುತ್ತಿರುತ್ತಾರೆ. ಸ್ಟ್ಯಾಟಿನ್‌ಗೆ ದೇಹ ಅಂಟಿಕೊಳ್ಳುವುದಿಲ್ಲ. ನಿಲ್ಲಿಸಿದರೆ ಎಲ್‌ಡಿಎಲ್ ಕೆಲವು ವಾರಗಳಲ್ಲಿ ಹಿಂದಿದ್ದ ಮಟ್ಟಕ್ಕೆ ಮರಳುತ್ತದೆ. ದೀರ್ಘಕಾಲ ತೆಗೆದುಕೊಳ್ಳಬೇಕಾಗುವುದು ಮಾತ್ರೆಯ ಗುಣದಿಂದಲ್ಲ, ಯಕೃತ್ತು ದಿನವೂ ಕೊಲೆಸ್ಟ್ರಾಲ್ ತಯಾರಿಸುತ್ತಲೇ ಇರುವುದರಿಂದ. ಮಾತ್ರೆಗೆ ಮುಂಚೆ ಥೈರಾಯ್ಡ್ ಪರೀಕ್ಷೆಯಾದ ಟಿಎಸ್ಎಚ್ ಮಾಡಿಸಿದ್ದೀರೋ ಇಲ್ಲವೋ ನಿಮ್ಮ ವೈದ್ಯರನ್ನು ಕೇಳಿ. ಥೈರಾಯ್ಡ್ ಕುಂದಿದ್ದರೆ ಎಲ್‌ಡಿಎಲ್ ಏರುತ್ತದೆ, ಅದಕ್ಕೆ ಚಿಕಿತ್ಸೆ ಕೊಟ್ಟಾಗ ತಾನಾಗಿಯೇ ಇಳಿಯುವುದೂ ಉಂಟು.

ಮನೆಯಲ್ಲೇ ಏನಾದರೂ ಮಾಡಬೇಕೆಂಬ ಆಸೆಯಿದ್ದರೆ ಗ್ರೀನ್ ಟೀಗಿಂತ ಇಸಬ್‌ಗೋಲ್ ಹೊಟ್ಟಿಗೆ ಬಲವಾದ ಆಧಾರವಿದೆ. ದಿನಕ್ಕೆ ಸುಮಾರು 10 ಗ್ರಾಂ ಸೇವಿಸಿದವರಲ್ಲಿ ಎಲ್‌ಡಿಎಲ್ ಸರಾಸರಿ 13 ಮಿಲಿಗ್ರಾಂನಷ್ಟು ಇಳಿದಿದೆ. ಸಾಕಷ್ಟು ನೀರಿನೊಂದಿಗೆ, ಬೇರೆ ಮಾತ್ರೆಗಳಿಂದ ಒಂದೆರಡು ಗಂಟೆ ಅಂತರವಿಟ್ಟು ತೆಗೆದುಕೊಳ್ಳಬೇಕು. ಮಲಬದ್ಧತೆಗೆಂದು ಮನೆಯಲ್ಲಿ ಇಟ್ಟಿರುವ ಡಬ್ಬಿಗೆ ಈ ಗುಣವೂ ಇದೆ ಎಂಬುದನ್ನು ಯಾರೂ ಅಷ್ಟಾಗಿ ಪ್ರಚಾರ ಮಾಡುವುದಿಲ್ಲ.

ಗ್ರೀನ್ ಟೀಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಸಕ್ಕರೆ ಹಾಕಿದ ನಾಲ್ಕೈದು ಲೋಟ ಚಹಾ ಬಿಟ್ಟದ್ದು ಒಳ್ಳೆಯದೇ, ಅದನ್ನು ಹಾಗೆಯೇ ಮುಂದುವರಿಸಿ. ಆಮ್ಲೋಡಿಪಿನ್ ತೆಗೆದುಕೊಳ್ಳುವವರು ಎರಡು ಮೂರು ಬಟ್ಟಲು ಕುಡಿಯುವುದರಿಂದ ತೊಂದರೆಯಾಗುವುದನ್ನು ನಾನು ಕಂಡಿಲ್ಲ. ರಕ್ತದೊತ್ತಡದ ಇನ್ನೊಂದು ಮಾತ್ರೆಯಾದ ನಾಡೊಲಾಲ್‌ನ ವಿಷಯ ಬೇರೆ. ಜಪಾನಿನ ಒಂದು ಅಧ್ಯಯನದಲ್ಲಿ ದಿನಕ್ಕೆ 700 ಮಿಲಿಲೀಟರ್ ಗ್ರೀನ್ ಟೀ ಕುಡಿದವರ ರಕ್ತದಲ್ಲಿ ಅದರ ಪ್ರಮಾಣ ಶೇಕಡಾ 85ರಷ್ಟು ಕುಸಿದಿತ್ತು. ಇಜಿಸಿಜಿಯ ಜೊತೆಗೆ ಕೊಟ್ಟಾಗ ಇನ್ನೊಂದು ಸ್ಟ್ಯಾಟಿನ್ ಆದ ರೋಸುವಾಸ್ಟಾಟಿನ್ ಸ್ವಲ್ಪ ಕಡಿಮೆ ಹೀರಲ್ಪಟ್ಟದ್ದೂ ಸಣ್ಣ ಅಧ್ಯಯನದಲ್ಲಿ ಕಂಡಿದೆ. ಹಾಗಾಗಿ ಯಾವುದೇ ಮಾತ್ರೆಯನ್ನು ಗ್ರೀನ್ ಟೀಯಲ್ಲಿ ನುಂಗಬೇಡಿ, ನೀರಿನಲ್ಲೇ ನುಂಗಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಶೈಲಜಾ, ಶಿವಮೊಗ್ಗ

ಡಾಕ್ಟರೇ, ಇದೇ ವಿಷಯದಲ್ಲಿ ನನ್ನದೂ ಒಂದು ಪ್ರಶ್ನೆ. ಮೇಲೆ ಕ್ಯಾಪ್ಸೂಲ್‌ನ ಮಾತು ಬಂತು. ನನ್ನ ತಂಗಿ ಕೊಲೆಸ್ಟ್ರಾಲ್ ಮತ್ತು ತೂಕ ಎರಡಕ್ಕೂ ಒಳ್ಳೆಯದೆಂದು ಆನ್‌ಲೈನ್‌ನಲ್ಲಿ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ತರಿಸಿಕೊಂಡಿದ್ದಾಳೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ನುಂಗುತ್ತಾಳೆ. ಅವಳ ಹಿಮೋಗ್ಲೋಬಿನ್ ಹತ್ತರ ಆಸುಪಾಸಿನಲ್ಲಿದ್ದು, ಕಬ್ಬಿಣಾಂಶದ ಮಾತ್ರೆಯೂ ನಡೆಯುತ್ತಿದೆ. ಊಟವಾದ ಕೂಡಲೇ ಗ್ರೀನ್ ಟೀ ಕುಡಿಯುವ ಅಭ್ಯಾಸವೂ ಇದೆ. ಎಲೆಯೇ ಇಷ್ಟು ಸಾಧುವಾಗಿರುವಾಗ ಕ್ಯಾಪ್ಸೂಲ್‌ನಿಂದ ಏನಾದರೂ ಅಪಾಯವಿದೆಯೇ?

ತುಮಕೂರಿನ ವೈದ್ಯ

ಶೈಲಜಾ ಅವರೇ, ಈ ಚರ್ಚೆಯಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ನಿಮ್ಮ ಪ್ರಶ್ನೆ. ವಸುಧಾ ಅವರು ಹೇಳಿದ ಮಿನ್ನೆಸೋಟಾ ಪ್ರಯೋಗದಲ್ಲೇ ಸಾರ ಸೇವಿಸಿದ ಮಹಿಳೆಯರಲ್ಲಿ ಶೇಕಡಾ 5.1 ಮಂದಿಗೆ ಯಕೃತ್ತಿನ ಪರೀಕ್ಷೆಯಲ್ಲಿ ಗಮನಾರ್ಹ ಏರುಪೇರು ಕಂಡಿತ್ತು. ಹುಸಿ ಕ್ಯಾಪ್ಸೂಲ್ ಪಡೆದವರಲ್ಲಿ ಅದು ಶೇಕಡಾ 0.7 ಮಾತ್ರ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಇದನ್ನೆಲ್ಲ ಪರಿಶೀಲಿಸಿ, ಕುದಿನೀರಲ್ಲಿ ಅದ್ದಿ ಮಾಡಿದ ಚಹಾ ಸಾಮಾನ್ಯವಾಗಿ ಸುರಕ್ಷಿತವೆಂದೂ, ಪೂರಕಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದಾಗ ಯಕೃತ್ತಿನ ಕಿಣ್ವಗಳು ಏರುತ್ತವೆಂದೂ ಹೇಳಿತು. 2022ರಲ್ಲಿ ಯುರೋಪಿಯನ್ ಒಕ್ಕೂಟ ಈ ಮಿತಿಯನ್ನು ಕಾನೂನಾಗಿಯೇ ತಂದಿದೆ, ಖಾಲಿ ಹೊಟ್ಟೆಯಲ್ಲಿ ಸೇವಿಸಬಾರದೆಂಬ ಎಚ್ಚರಿಕೆಯನ್ನು ಚೀಟಿಯ ಮೇಲೆ ಮುದ್ರಿಸಬೇಕೆಂದೂ ವಿಧಿಸಿದೆ. ಖಾಲಿ ಹೊಟ್ಟೆಯಲ್ಲಿ ಇಜಿಸಿಜಿ ರಕ್ತಕ್ಕೆ ಹೆಚ್ಚು ಸೇರುತ್ತದೆ. ನಿಮ್ಮ ತಂಗಿ ಮಾಡುತ್ತಿರುವುದು ಅದನ್ನೇ. ಆ ಡಬ್ಬಿಯನ್ನು ಸದ್ಯಕ್ಕೆ ಬದಿಗಿಟ್ಟು, ವೈದ್ಯರಿಗೆ ತೋರಿಸಿ, ಯಕೃತ್ತಿನ ಪರೀಕ್ಷೆಯಾದ ಎಲ್ಎಫ್‌ಟಿ ಒಂದನ್ನು ಮಾಡಿಸಲಿ. ಮೂತ್ರ ಕಡು ಹಳದಿಯಾಗುವುದು, ಕಣ್ಣು ಹಳದಿಯಾಗುವುದು, ಊಟ ಸೇರದಿರುವುದು ಕಂಡರೆ ತಡಮಾಡಬಾರದು.

ವಸುಧಾ, ಜೀವರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ

ಕಬ್ಬಿಣಾಂಶದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಸೊಪ್ಪು, ಕಾಳು, ರಾಗಿಗಳಲ್ಲಿರುವ ಕಬ್ಬಿಣವನ್ನು ಚಹಾದ ಪಾಲಿಫಿನಾಲ್‌ಗಳು (ಕ್ಯಾಟೆಚಿನ್‌ಗಳೂ ಈ ಗುಂಪಿನವೇ) ಕರುಳಿನಲ್ಲೇ ಕಟ್ಟಿಹಾಕುತ್ತವೆ. ಊಟದ ಜೊತೆ ಕುಡಿದ ಒಂದು ಲೋಟ ಚಹಾ ಅದರ ಹೀರಿಕೆಯನ್ನು ಅರ್ಧಕ್ಕೂ ಹೆಚ್ಚು ತಗ್ಗಿಸಬಲ್ಲದು. ಹಿಮೋಗ್ಲೋಬಿನ್ ಹತ್ತರಲ್ಲಿರುವ ಸಸ್ಯಾಹಾರಿಗೆ ಕೊಲೆಸ್ಟ್ರಾಲಿನ ನಾಲ್ಕು ಅಂಕಕ್ಕಿಂತ ಈ ನಷ್ಟವೇ ದೊಡ್ಡದು. ಊಟವಾಗಿ ಕನಿಷ್ಠ ಒಂದು ಗಂಟೆ ಕಳೆದ ಮೇಲೆ ಕುಡಿಯಲಿ, ಕಬ್ಬಿಣದ ಮಾತ್ರೆಯ ಹತ್ತಿರ ಸುಳಿಯದಿರಲಿ. ಎಲೆಯನ್ನು ನಮ್ಮ ಚಹಾದಂತೆ ಒಲೆಯ ಮೇಲೆ ಕುದಿಸುವ ಅಗತ್ಯವಿಲ್ಲ. ಕುದಿದ ನೀರನ್ನು ಒಂದೆರಡು ನಿಮಿಷ ಆರಲು ಬಿಟ್ಟು, ಎಲೆ ಹಾಕಿ, ಮೂರು ನಿಮಿಷದೊಳಗೆ ಸೋಸಿಕೊಂಡರೆ ಕಹಿ ಕಡಿಮೆಯಾಗುತ್ತದೆ. ಕಹಿ ತಾಳಲಾರದೆ ಜೇನುತುಪ್ಪ ಸುರಿದುಕೊಳ್ಳುವುದೂ ತಪ್ಪುತ್ತದೆ.

ಹಸಿರೆಲೆ, ಮೈಸೂರು

ಕ್ಯಾಪ್ಸೂಲ್ ವಿಷಯದಲ್ಲಿ ನನ್ನ ಸಂಪೂರ್ಣ ಸಹಮತವಿದೆ. ಬಟ್ಟಲಿನ ವಿಷಯದಲ್ಲಿ ನಾನು ಇನ್ನೂ ನನ್ನ ಅಭಿಪ್ರಾಯದಲ್ಲೇ ಇದ್ದೇನೆ: ಅಪಾಯವಿಲ್ಲದ, ಸಕ್ಕರೆಯಿಲ್ಲದ ಪಾನೀಯವೊಂದು ಎರಡು ಅಂಕ ಇಳಿಸಿದರೂ ಅದು ಲಾಭವೇ.

ನಾಗಭೂಷಣ, ದಾವಣಗೆರೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಎರಡೂ ವರದಿಗಳನ್ನು ತೆಗೆದುಕೊಂಡು ಹೋಗಿ ವೈದ್ಯರನ್ನು ಕಾಣುತ್ತೇನೆ. ಟಿಎಸ್ಎಚ್ ಮಾಡಿಸಿಲ್ಲ, ಅದನ್ನೂ ಕೇಳುತ್ತೇನೆ. ಅವರು ಮಾತ್ರೆ ಬೇಕೇ ಬೇಕೆಂದರೆ ಆರಂಭಿಸುತ್ತೇನೆ. ಗ್ರೀನ್ ಟೀ ಹೇಗೂ ಅಭ್ಯಾಸವಾಗಿದೆ, ಅದು ಇರಲಿ. ಸುಜಾತಾ ಮೇಡಂ, ಕೊನೆಯದಾಗಿ ಒಂದು ಸಂದೇಹ. ಮಾತ್ರೆ ಆರಂಭಿಸಿದರೆ ಮತ್ತೆ ಯಾವಾಗ ರಕ್ತ ಕೊಡಬೇಕು? ಆ ದಿನ ಬೆಳಿಗ್ಗೆ ಸಕ್ಕರೆಯಿಲ್ಲದ ಗ್ರೀನ್ ಟೀ ಕುಡಿದು ಬರಬಹುದೇ?

ಸುಜಾತಾ, ಲ್ಯಾಬ್ ಟೆಕ್ನೀಶಿಯನ್, ಹುಬ್ಬಳ್ಳಿ

ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರಗಳ ಬಳಿಕ ವೈದ್ಯರು ಬರೆದುಕೊಡುತ್ತಾರೆ ಸರ್. ಅದೇ ಲ್ಯಾಬಿಗೆ ಹೋಗಿ. ಹಬ್ಬ, ಮದುವೆ, ಜ್ವರಗಳ ವಾರವನ್ನು ತಪ್ಪಿಸಿ. ಹಿಂದಿನ ರಾತ್ರಿ ಎಂಟರೊಳಗೆ ನಿತ್ಯದ ಊಟ ಮುಗಿಸಿ, ಬೆಳಿಗ್ಗೆ ನೀರು ಮಾತ್ರ ಕುಡಿದು ಬನ್ನಿ. ಸಕ್ಕರೆಯಿಲ್ಲದ ಗ್ರೀನ್ ಟೀಯಿಂದ ಕೊಲೆಸ್ಟ್ರಾಲ್ ಅಂಕಿ ಹೆಚ್ಚೇನೂ ಬದಲಾಗಲಿಕ್ಕಿಲ್ಲ. ಆದರೆ ಅದೇ ಮಾದರಿಯಲ್ಲಿ ಫಾಸ್ಟಿಂಗ್ ಶುಗರ್ ಕೂಡ ನೋಡುವುದರಿಂದ ನಮ್ಮ ಕೌಂಟರಿನಲ್ಲಿ ‘ಏನಾದರೂ ಕುಡಿದಿದ್ದೀರಾ’ ಎಂದು ಕೇಳಿಯೇ ಕೇಳುತ್ತಾರೆ, ಹೌದೆಂದರೆ ಮರುದಿನ ಬನ್ನಿ ಎನ್ನುತ್ತಾರೆ. ಟ್ರೈಗ್ಲಿಸರೈಡ್ ಮತ್ತೆ 200 ದಾಟಿದ್ದರೆ ‘ಡೈರೆಕ್ಟ್ ಎಲ್‌ಡಿಎಲ್’ ಮಾಡಿಕೊಡಿ ಎಂದು ಮೊದಲೇ ಬರೆಸಿಡಿ. ಅದಕ್ಕೆ ಪ್ರತ್ಯೇಕ ಶುಲ್ಕವಿರುತ್ತದೆ.